ಚೆಲ್ಲಾಪಿಲ್ಲಿ ಅಮ್ಮನ ತೂಕದ ಪುಸ್ತಕ

ಮಾರ್ಚ್ 3, ಸೋಮವಾರ

ಕೆಲಸ ಸಿಕ್ಕಿತು, ಕೆಲಸ ಸಿಕ್ಕಿತು, ಮದುವೆಯಾದ ಹದಿನೇಳನೇ ದಿನಕ್ಕೆ ನನಗೆ ಕೆಲಸ ಸಿಕ್ಕಿತು! ಪತ್ರ ಓದಿ ಅಡುಗೆಮನೆಯಿಂದ ಬಾಗಿಲವರೆಗೆ ಕುಣಿದೆ, ಬಾಗಿಲಿಂದ ಮತ್ತೆ ಅಡುಗೆಮನೆಗೆ ಕುಣಿದೆ. ಇರುವುದೇ ಎರಡು ಕೋಣೆ, ಅದಕ್ಕಿಂತ ಹೆಚ್ಚು ಕುಣಿಯಬೇಕೆಂದರೆ ಬೀದಿಗೆ ಇಳಿಯಬೇಕು. ವಾಂತಿಭೇದಿಯಾದ ಮಕ್ಕಳಿಗೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪುಸಕ್ಕರೆ ಪುಡಿ ತಯಾರಿಸುವ ಫ್ಯಾಕ್ಟರಿ. ಅದರ ಲ್ಯಾಬಿನಲ್ಲಿ ಲೆಕ್ಕದ ಕೆಲಸ. ನನ್ನ ಸ್ಟ್ಯಾಟಿಸ್ಟಿಕ್ಸ್ ಡಿಗ್ರಿಯನ್ನು ಕೊನೆಗೂ ಯಾರೋ ಕೇಳಿದರು! ನಾಳೆಯೇ ಸೇರಬೇಕು.

ಇವರು (ಇವರು! ಹೀಗೆ ಬರೆಯುವಾಗ ಇನ್ನೂ ನಗು ಬರುತ್ತದೆ) ಸಂಜೆ ಕನ್ನಡಕದ ಅಂಗಡಿಯಿಂದ ಬಂದ ಕೂಡಲೇ ಪತ್ರವನ್ನು ಮುಖಕ್ಕೆ ಹಿಡಿದೆ. ದಿನವಿಡೀ ಗಾಜು ಉಜ್ಜುವವರ ಬೆರಳಿನ ಬಿಳಿ ಪುಡಿ ಪತ್ರಕ್ಕೂ ಹತ್ತಿತು. "ನಮ್ಮ ಕಾನ್ವೆಂಟಿಗೆ ಕೆಲಸ ಸಿಕ್ತಾ!" (ಕಾನ್ವೆಂಟಿನಲ್ಲಿ ಓದಿದವಳೆಂದು ನನಗೆ ಇವರಿಟ್ಟ ಹೆಸರು) ಎಂದು ನನ್ನನ್ನು ಎತ್ತಿ ತಿರುಗಿಸಿದರು. ಮಂಚದ ಕಾಲಿಗೆ ನನ್ನ ಕಾಲು ಬಡಿಯಿತು. ನೋವೇ ಆಗಲಿಲ್ಲ!

ಆದರೆ ಒಂದು ಸಂಗತಿ ಬರೆದಿಡಬೇಕು. ನಗುವುದಕ್ಕೆ ಮೊದಲು ಇವರು ಫ್ಯಾಕ್ಟರಿಯ ಹೆಸರನ್ನು ಎರಡು ಸಲ ಓದಿದರು. ಮತ್ತು, ನಾನು ಆ ಫ್ಯಾಕ್ಟರಿಗೆ ಅರ್ಜಿ ಹಾಕಿದ್ದೇನೆ ಎಂದ ಮಾರನೆಯ ದಿನವೇ ಅತ್ತೆ ಬ್ಯಾಗು ತುಂಬಿಕೊಂಡು ಮಗಳ ಊರಿಗೆ ಹೊರಟುಬಿಟ್ಟಿದ್ದರು. "ಹೊಸ ಜೋಡಿ, ಹಾಯಾಗಿರಿ" ಎಂದರು. ಸೊಸೆ ಬಂದ ಆರನೇ ದಿನಕ್ಕೆ ಯಾವ ಅತ್ತೆ ಅಡುಗೆಮನೆ ಬಿಟ್ಟುಕೊಟ್ಟು ಹೋಗುತ್ತಾರೆ? ಬಿಟ್ಟಾದರೂ ಎಲ್ಲಿ ಕೊಟ್ಟರು! ಪ್ರತಿ ಡಬ್ಬದ ಮೇಲೂ ಚೀಟಿ. ಸಕ್ಕರೆ, 1 ಕಿಲೋ 340 ಗ್ರಾಂ, ತಾರೀಖು. ಕಾಫಿಪುಡಿ, 214 ಗ್ರಾಂ, ತಾರೀಖು. ಅವರು ಬರೆಯುವ ನಾಲ್ಕಕ್ಕೆ ಇಲಿಬಾಲದಂಥ ಉದ್ದನೆಯ ಬಾಲ ಬೇರೆ. ನಾನು ಎಷ್ಟು ಮುಕ್ಕುತ್ತೇನೆ ಎಂದು ವಾಪಸ್ ಬಂದು ತೂಗಿ ನೋಡುವುದಕ್ಕೇ ತಾನೇ ಇದೆಲ್ಲ? ಮಂಚದ ಕೆಳಗೆ ಒಂದು ಟ್ರಂಕಿದೆ. ಅದಕ್ಕೆ ಬೀಗ.

ಮಾರ್ಚ್ 5, ಬುಧವಾರ

ಎಂಥ ಮಜಾ ಈ ಲ್ಯಾಬು! ನಮ್ಮ ಮುಖ್ಯಸ್ಥರಿಗೆ ಬೆನ್ನ ಹಿಂದೆ ಎಲ್ಲರೂ ಸರಾಸರಿ ಸಾರ್ ಎನ್ನುತ್ತಾರೆ. ಏನು ತೋರಿಸಿದರೂ "ಸರಾಸರಿ ಎಷ್ಟಮ್ಮ?" ಎನ್ನುತ್ತಾರೆ. ಕ್ಯಾಂಟೀನಿನ ಚಹಾ ತಣ್ಣಗಿದೆ ಎಂದು ಯಾರೋ ದೂರಿದ್ದಕ್ಕೆ, "ವಾರದ ಸರಾಸರಿ ನೋಡಿ, ಬಿಸಿಯಾಗೇ ಇರುತ್ತೆ" ಎಂದರಂತೆ.

ಒಂದು ಪೊಟ್ಟಣದಲ್ಲಿ ಇಪ್ಪತ್ತೊಂದು ಗ್ರಾಂ ಪುಡಿ ಇರಬೇಕು. ಒಂದು ಗ್ರಾಂ ಹೆಚ್ಚುಕಮ್ಮಿ ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಮದ್ದು ನಾಟುವುದಿಲ್ಲ, ಹೆಚ್ಚಾದರೆ ಕೂಸಿನ ಮೈಗೆ ಉಪ್ಪು ಮಿತಿಮೀರುತ್ತದೆ. ಅದಕ್ಕೇ ಗಂಟೆಗೊಮ್ಮೆ ಮಷಿನ್ನಿನಿಂದ ಎಂಟು ಪೊಟ್ಟಣ ತಂದು ತೂಗಿ ಪುಸ್ತಕದಲ್ಲಿ ಬರೆಯುತ್ತಾರೆ. ಬರೆಯುವವರು ತಕ್ಕಡಿಯಕ್ಕ. ದುಂಡು ಮುಖ, ದೊಡ್ಡ ನಗು, ಮಂಡಿಗೆ ಸದಾ ಪಟ್ಟಿ.

"ನಿಮ್ಮ ಅಂಕಿ ಎಷ್ಟು ನೀಟಾಗಿವೆ ಅಕ್ಕ! ಎಲ್ಲಾ ಒಂದೇ ಅಚ್ಚು!" ಎಂದೆ.

"ಕೈಗುಣ ಕಣಮ್ಮ. ನಾನು ಬಂದು ಮೂರು ತಿಂಗಳಾಯ್ತು. ನನಗಿಂತ ಮುಂಚೆ ಒಬ್ರಿದ್ರು, ಅವ್ರು ತೂಗಿದ್ರೆ ಒಂದು ಅಲ್ಲಿ, ಒಂದು ಇಲ್ಲಿ. ಚೆಲ್ಲಾಪಿಲ್ಲಿ ಅಮ್ಮ ಅಂತಾನೇ ಹೆಸರು."

ಒಳಗಿನಿಂದ ಸಾರ್ ಕೂಗಿದರು: "ಕೈ ನಡುಗ್ತಿತ್ತು ಅವರಿಗೆ. ಕೇಳಿದ್ರೆ ಮಷಿನ್ನೇ ಸರಿಯಿಲ್ಲ ಅನ್ನೋರು. ಕುಣಿಯೋಕೆ ಬಾರದೋರು ನೆಲ ಡೊಂಕು ಅಂದ ಹಾಗೆ!"

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮಾರ್ಚ್ 8, ಶನಿವಾರ

ಇವತ್ತು ಹಳೆಯ ತೂಕದ ಪುಸ್ತಕ ಕೈಗೆ ಬಂತು. ಒಂದು ದೊಡ್ಡ ಆಸ್ಪತ್ರೆಯವರು ಆರು ತಿಂಗಳ ತೂಕದ ವಿವರ ಕೇಳಿದ್ದಾರೆ. ಮೂರು ತಿಂಗಳು ತಕ್ಕಡಿಯಕ್ಕನದು, ಮೂರು ತಿಂಗಳು ಆ ಚೆಲ್ಲಾಪಿಲ್ಲಿ ಅಮ್ಮನದು.

ಪುಸ್ತಕ ತೆರೆದೆ. ಪುಟದ ತುಂಬ ನಾಲ್ಕುಗಳು. ಒಂದೊಂದು ನಾಲ್ಕಕ್ಕೂ ಇಲಿಬಾಲ.

ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಬುಧವಾರ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಮದುವೆಗೆ ಮುಂಚೆ ಇವರು ಹೇಳಿದ್ದಿಷ್ಟೇ: "ಅಮ್ಮ ಒಂದು ಕಡೆ ಕೆಲಸದಲ್ಲಿದ್ರು, ಈಗ ಮನೇಲಿದ್ದಾರೆ." ಒಂದು ಕಡೆ! ನಾನು ಆ ಒಂದು ಕಡೆಗೇ ಅರ್ಜಿ ಹಾಕುತ್ತಿದ್ದರೂ ಅಮ್ಮ, ಮಗ ಇಬ್ಬರೂ ತುಟಿ ಬಿಚ್ಚಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ನಾನು ಬೆಳ್ಳಗಿದ್ದದ್ದನ್ನೆಲ್ಲ ಗಟಗಟ ಕುಡಿದೆ.

ಮಾರ್ಚ್ 9, ಭಾನುವಾರ

ಇವರು ತರಕಾರಿಗೆ ಹೋದಾಗ ಅಕ್ಕಿ ಡಬ್ಬ ಸರಿಸಿದೆ. ಅದರಡಿಯಲ್ಲಿ ಬೀಗದ ಕೈ. ಹುಡುಕಲಿಲ್ಲ, ಸಿಕ್ಕಿತು. ಸರಿ, ಹುಡುಕಿದೆ.

ಟ್ರಂಕಿನಲ್ಲಿ ಚಿನ್ನವಿಲ್ಲ, ಹಳೆಯ ಪತ್ರಗಳಿಲ್ಲ. ಪೊಟ್ಟಣಗಳು. ನಮ್ಮ ಫ್ಯಾಕ್ಟರಿಯವೇ, ಒಡೆಯದವು. ಎಪ್ಪತ್ತೆರಡು ಎಣಿಸಿದೆ. ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ತಾರೀಖು, ದಿನಕ್ಕೊಂದರಂತೆ ಮೂರು ತಿಂಗಳು.

ಅಂದರೆ ಕೈ ನಡುಗುವುದು ಮಾತ್ರವಲ್ಲ, ಕೈ ಉದ್ದ ಕೂಡ.

ಮುಚ್ಚಿ, ಬೀಗ ಹಾಕಿ, ಬೀಗದ ಕೈಯನ್ನು ಇದ್ದಲ್ಲೇ ಇಟ್ಟೆ. ಇವರು ಬಂದು, "ಯಾಕೆ, ಮುಖ ಊದಿಸ್ಕೊಂಡಿದ್ದೀಯ?" ಎಂದರು. ತಲೆನೋವು ಎಂದೆ. ಇವರ ಮುಖವನ್ನೇ ನೋಡುತ್ತಾ ಕುಳಿತೆ. ಇವರಿಗೂ ಗೊತ್ತಿದೆಯೋ?

ಮಾರ್ಚ್ 12, ಬುಧವಾರ

ಆಸ್ಪತ್ರೆಯವರಿಗೆ ಸರಾಸರಿಯೊಂದೇ ಸಾಲದಂತೆ. ತೂಕ ಎಷ್ಟು ಚೆದುರುತ್ತದೆ ಎಂಬುದಕ್ಕೂ ಒಂದು ಅಂಕಿ ಬೇಕಂತೆ. ಯಾವ ಅಳತೆ ಎಂಬುದನ್ನು ನಮಗೇ ಬಿಟ್ಟಿದ್ದಾರೆ. ಅದು ನನ್ನ ಪಾಲಿಗೆ ಬಂತು.

ಮೊದಲು ರೇಂಜ್ ತೆಗೆದೆ. ಅತಿ ದೊಡ್ಡದರಲ್ಲಿ ಅತಿ ಚಿಕ್ಕದನ್ನು ಕಳೆದರೆ ಮುಗಿಯಿತು. ತಕ್ಕಡಿಯಕ್ಕನ ಒಂದು ಗಂಟೆಯ ಎಂಟು ಪೊಟ್ಟಣಕ್ಕೆ 0.2 ಗ್ರಾಂ. ಅತ್ತೆಯ ಎಂಟಕ್ಕೆ 2.1! ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಸಾರ್ ನೋಡಿ ಮೂಗು ಮುರಿದರು. "ರೇಂಜ್ ಬೇಡಮ್ಮ. ಎರಡು ತುದಿ ಮಾತ್ರ ನೋಡುತ್ತೆ ಅದು. ಒಬ್ಬರ ಕೈ ತಪ್ಪಿದ್ದಕ್ಕೆ ಇಡೀ ಫ್ಯಾಕ್ಟರಿ ಮಾನ ಹೋಗಬೇಕಾ? ಮಧ್ಯದ ಅರ್ಧ ತಗೋ."

ಇಂಟರ್‌ಕ್ವಾರ್ಟೈಲ್ ರೇಂಜ್. ಎಂಟನ್ನೂ ಏರಿಕೆ ಕ್ರಮದಲ್ಲಿ ಜೋಡಿಸಿ, ಕೆಳಗಿನ ಕಾಲುಭಾಗ, ಮೇಲಿನ ಕಾಲುಭಾಗ ಬಿಟ್ಟು ನಡುವಿನದು ಎಷ್ಟು ಅಗಲ ಎಂದು ನೋಡುವುದು. ಅತ್ತೆಯದನ್ನು ಜೋಡಿಸಿದೆ: 20.8, 20.9, 21.0, 21.0, 21.1, 21.1, 21.2, 22.9. ಕೆಳಗಿನ ನಾಲ್ಕರ ನಡುವೆ 20.95, ಮೇಲಿನ ನಾಲ್ಕರ ನಡುವೆ 21.15. ವ್ಯತ್ಯಾಸ 0.2. ಅಷ್ಟೇ! ತುದಿಯ ಆ 22.9 ಎಲ್ಲಿ ಹೋಯಿತೋ, ಕೇಳುವವರಿಲ್ಲ. ಹಾಗೇ ಮೂರು ತಿಂಗಳಿನ ಪುಟಗಳನ್ನೆಲ್ಲ ಏರಿಕೆ ಕ್ರಮದಲ್ಲಿ ಜೋಡಿಸಿ ಮುಗಿಸಿದೆ. ಪ್ರತಿ ಪುಟದಲ್ಲೂ ಅದೇ ಕಥೆ.

ತಪ್ಪೇನಿಲ್ಲ. ತುದಿಯಲ್ಲಿ ಒಂದು ವಿಚಿತ್ರ ಅಂಕಿ ಕೂತಿದ್ದರೆ ಇಂಟರ್‌ಕ್ವಾರ್ಟೈಲೇ ಒಳ್ಳೆಯದು ಎಂದು ನಮ್ಮ ಪುಸ್ತಕದಲ್ಲೂ ಇತ್ತು, ಅದಕ್ಕೆ ನನಗೆ ಪೂರ್ತಿ ಅಂಕವೂ ಬಂದಿತ್ತು.

"ನೋಡು, ಹಳೇದೂ ಮುತ್ತು, ಹೊಸದೂ ಮುತ್ತು" ಎಂದು ಸಾರ್ ಕೈ ಉಜ್ಜಿಕೊಂಡರು.

ನನಗೂ ನೆಮ್ಮದಿಯಾಗಬೇಕಿತ್ತು. ಅತ್ತೆಯ ಮರ್ಯಾದೆ ಉಳಿಯಿತಲ್ಲ. ಆದರೆ ಅವರ ಕೈ ನಡುಗುತ್ತದೆ ಎಂದು ಆಡಿಕೊಂಡ ಮನುಷ್ಯನಿಗೆ ಅವರ ಅಂಕಿ ಮುತ್ತಾದರೆ ಯಾಕಿಷ್ಟು ಸಂತೋಷ? ಇಲ್ಲೂ ಏನೋ ಇದೆ. ಎಲ್ಲಿ ನೋಡಿದರೂ ಏನೋ ಇದೆ.

ಮಾರ್ಚ್ 13, ಗುರುವಾರ

ಕೇಳಿಯೇಬಿಟ್ಟೆ. "ನಿಮ್ಮಮ್ಮ ಕೆಲಸ ಯಾಕೆ ಬಿಟ್ರು?"

"ಬಿಡಲಿಲ್ಲ. ಬಿಡಿಸಿದ್ರು."

"ಯಾಕೆ?"

"ಅಲ್ಲೇ ಇದ್ದೀಯಲ್ಲ, ನೋಡು."

"ಎಷ್ಟು ದಿನ ಅಂತ ಮುಚ್ಚಿಟ್ಟಿದ್ರಿ ನನ್ನಿಂದ? ಟ್ರಂಕಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?"

ಇವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬೇರೆಯವರ ಕನ್ನಡಕವನ್ನು ಎಂದೂ ಅಂಗಿಯಿಂದ ಒರೆಸುವವರಲ್ಲ. "ಗೊತ್ತಿದ್ರೆ ತೂಗಿ ನೋಡು" ಎಂದರು, ಅಷ್ಟೇ.

ಮಾತಿಲ್ಲ. ಎರಡು ಕೋಣೆಯ ಮನೆಯಲ್ಲಿ ಮಾತು ಬಿಡುವುದು ಎಷ್ಟು ಕಷ್ಟ.

ಮಾರ್ಚ್ 17, ಸೋಮವಾರ

ನಿಧಾನವಾಗಿ ಬರೆಯಬೇಕು.

ನನ್ನ ಹಟ ಏನೆಂದರೆ, ಅತ್ತೆಯ ಕೈ ಎಷ್ಟು ಕೆಟ್ಟದ್ದು ಎಂದು ಒಮ್ಮೆ ಪೂರ್ತಿ ತಿಳಿದುಬಿಡಲಿ ಎಂಬುದು. ಮಧ್ಯದ ಅರ್ಧವನ್ನಷ್ಟೇ ನೋಡಿ ಕ್ಷಮಿಸುವುದು ಬೇಡ. ಎಂಟೂ ಪೊಟ್ಟಣದ ಲೆಕ್ಕ ಹಿಡಿಯುವ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದು ಇವರ ಮುಂದೆ ಹಿಡಿಯಬೇಕು. ಹಾಗೆಂದುಕೊಂಡು ಊಟದ ಬಿಡುವಿನಲ್ಲಿ ಕುಳಿತೆ.

ಇದಕ್ಕೆ ಏರಿಕೆ ಕ್ರಮ ಬೇಕಿಲ್ಲ. ಆದ್ದರಿಂದ ಅಂಕಿಗಳನ್ನು ಅತ್ತೆ ಬರೆದ ಸಾಲಿನಲ್ಲೇ ಇಳಿಸಿಕೊಂಡೆ: 20.9, 21.1, 21.0, 20.8, 21.2, 21.0, 22.9, 21.1. ಸರಾಸರಿ 21.25. ಪ್ರತಿಯೊಂದೂ ಅದರಿಂದ ಎಷ್ಟು ದೂರ, ಆ ದೂರದ ವರ್ಗ, ಎಲ್ಲ ಕೂಡಿಸಿದರೆ 3.22. ಎಂಟರಲ್ಲಿ ಒಂದು ಕಡಿಮೆ ಮಾಡಿ ಭಾಗಿಸಿ ವರ್ಗಮೂಲ ತೆಗೆದರೆ 0.68. ತಕ್ಕಡಿಯಕ್ಕನದು 0.07. ಸುಮಾರು ಹತ್ತು ಪಟ್ಟು. ಸಿಕ್ಕಿಬಿದ್ದಿರಿ ಅತ್ತೆ ಎಂದುಕೊಂಡೆ.

ಆದರೆ ಆ 3.22ರಲ್ಲಿ 2.72 ಒಂದೇ ಪೊಟ್ಟಣದ ಪಾಲು. ಏಳನೆಯದು. ಮುಂದಿನ ಗಂಟೆಯ ಸಾಲು ಮಾಡಿದೆ. ದೊಡ್ಡದು ಏಳನೆಯದು. ಅದರ ಮುಂದಿನದು, ಏಳನೆಯದು. ಪುಟ ತಿರುಗಿಸಿದೆ. ಹೋದ ತಿಂಗಳುಗಳ ಯಾವ ಪುಟ ತೆರೆದರೂ ಮೊದಲ ಆರು ತಣ್ಣಗೆ, ಏಳನೆಯದು ಎದ್ದು ನಿಂತಿದೆ, ಎಂಟನೆಯದು ಮತ್ತೆ ತಣ್ಣಗೆ.

ನಡುಗುವ ಕೈ ಎಲ್ಲಿ ಬೇಕಾದರೂ ತಪ್ಪುತ್ತದೆ. ದಿನವೂ ಎಣಿಸಿ ಏಳನೆಯದಕ್ಕೇ ತಪ್ಪುವುದಿಲ್ಲ.

ಹೋದ ಬುಧವಾರ ನಾನು ಎಲ್ಲವನ್ನೂ ಏರಿಕೆ ಕ್ರಮದಲ್ಲಿ ಜೋಡಿಸಿದ್ದೆ. ಜೋಡಿಸಿದ ಕೂಡಲೇ ಏಳನೆಯದು ಎಲ್ಲಿಂದ ಬಂತು ಎಂಬುದು ಅಳಿಸಿಹೋಗಿತ್ತು. ಅದು ಪಟ್ಟಿಯ ಕೊನೆಗೆ ಸರಿದು ಬರೀ ಒಂದು ವಿಚಿತ್ರ ಅಂಕಿಯಾಗಿತ್ತು. ಅಳಿಸಿದವಳು ನಾನೇ, ನೀಟಾದ ಅಕ್ಷರದಲ್ಲಿ.

ಪುಡಿ ತುಂಬುವ ಮಷಿನ್ನಿಗೆ ಕೊಳವೆಗಳು ಎಷ್ಟು ಎಂದು ಕಿಟಕಿಯಿಂದ ಎಣಿಸಿದೆ. ಎಂಟು.

ಮಾರ್ಚ್ 18, ಮಂಗಳವಾರ

ಟ್ರಂಕಿನಿಂದ ಹತ್ತು ಪೊಟ್ಟಣಗಳನ್ನು ಊಟದ ಚೀಲದಲ್ಲಿಟ್ಟು ಒಯ್ದೆ. ಕದ್ದದ್ದನ್ನು ವಾಪಸ್ ಒಯ್ಯುವವಳ ಹಾಗೆ ಗೇಟಿನಲ್ಲಿ ಬೆವರಿದೆ. ಖಾಲಿ ಪೊಟ್ಟಣದ ತೂಕ ಕಳೆದು ತೂಗಿದೆ. 22.8, 22.9, 23.0, 22.9. ಹತ್ತೂ ಹಾಗೇ. ಎಪ್ಪತ್ತೆರಡು ದಿನ ಅತ್ತೆ ಬಿಸಾಡದೆ ಎತ್ತಿಟ್ಟದ್ದು ಏಳನೆಯ ಕೊಳವೆಯದನ್ನೇ.

ಆಮೇಲೆ ತಕ್ಕಡಿಯಕ್ಕನ ಹಿಂದೆ ಮಷಿನ್ನಿನ ತನಕ ಹೋದೆ. ಅವರು ಈಚೆ ಬದಿಯಲ್ಲೇ ನಿಂತು, ಮೊದಲನೇ ಕೊಳವೆಯಿಂದ ಬೀಳುವ ಪೊಟ್ಟಣಗಳನ್ನು ಒಂದಾದ ಮೇಲೊಂದು ಎಂಟು ಎತ್ತಿಕೊಂಡರು.

"ಅಕ್ಕ, ಆ ಕಡೆಯದು?"

"ಅಲ್ಲಿಗೆ ಹೋಗೋಕೆ ಕಬ್ಬಿಣದ ಮೆಟ್ಟಿಲು ಹತ್ತಿ ಬೆಲ್ಟು ದಾಟಬೇಕು ಕಣಮ್ಮ. ನನ್ನ ಮಂಡಿ ನೋಡಿದ್ದೀಯಲ್ಲ. ಎಂಟು ತಾ ಅಂದ್ರು, ಎಂಟು ತರ್ತೀನಿ. ಎಲ್ಲಾ ಒಂದೇ ಪುಡಿ ತಾನೇ?" ಎಂದವರು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ಏನಾಯ್ತು? ನನ್ನದೇನಾದ್ರೂ ತಪ್ಪಾಯ್ತಾ?"

ಈ ಅಕ್ಕನನ್ನೂ ಒಂದು ವಾರದಿಂದ ಅನುಮಾನಿಸಿದ್ದೆ. ಮನೆಯಲ್ಲೇ ಕೂತು ಅಂಕಿ ಬರೆದು ತರುತ್ತಾರೇನೋ ಎಂದು. ಮಂಡಿ ನೋವು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ, ಪಟ್ಟಿ ದಿನವೂ ಕಣ್ಣೆದುರೇ ಇತ್ತು.

ಮಾರ್ಚ್ 20, ಗುರುವಾರ

ಎರಡು ದಿನ ಧೈರ್ಯ ಬರಲಿಲ್ಲ. ಇವತ್ತು ಹಳೆಯ ಪುಸ್ತಕ, ನನ್ನ ಹಾಳೆ, ಹತ್ತು ಪೊಟ್ಟಣ ಮೇಜಿನ ಮೇಲಿಟ್ಟೆ.

"ಸರಾಸರಿ ಎಷ್ಟಮ್ಮ?"

"ಸರಾಸರಿ ಬೇಡ ಸಾರ್. ಏಳನೇದು ನೋಡಿ."

"ಅವ್ರೂ ಹಾಗೇ ಅಂದಿದ್ರು. ಏಳನೇದು, ಏಳನೇದು ಅಂತ. ನಾನು ಎಂಟೂ ಒಟ್ಟಿಗೆ ತೂಗಿಸಿ ಎಂಟರಿಂದ ಭಾಗಿಸಿದೆ. 21.25 ಬಂತು. ಸರಿಯಾಗೇ ಇತ್ತಲ್ಲ?"

ತಮ್ಮ ಮಾತು ತಮ್ಮ ಕಿವಿಗೇ ಬಿದ್ದವರಂತೆ ಅವರು ಎದ್ದರು. ಮೆಟ್ಟಿಲು ಹತ್ತಿ, ಬೆಲ್ಟು ದಾಟಿ, ತಾವೇ ಎಂಟು ಕೊಳವೆಯಿಂದ ಎಂಟು ಪೊಟ್ಟಣ ತಂದರು. ಏಳನೆಯದನ್ನು ತೂಗಿದರು. 23.0. ಇನ್ನೊಂದು ತಂದರು. 22.9. ಮೂರನೆಯ ಸಲ ಮೆಟ್ಟಿಲು ಹತ್ತಿದವರು ಇಳಿಯುವಾಗ ಕಂಬಿ ಹಿಡಿದುಕೊಂಡರು.

"ಲೈನ್ ನಿಲ್ಸಿ" ಎಂದರು.

ಗೋದಾಮಿನಲ್ಲಿದ್ದದ್ದನ್ನು ಅಲ್ಲೇ ತಡೆದರು. ಹೊರಗೆ ಹೋದದ್ದನ್ನು ವಾಪಸ್ ಕಳಿಸಿ ಎಂಬ ಪತ್ರ ನಾನೇ ಟೈಪ್ ಮಾಡಿದೆ. ಸಾರ್ ಸಂಜೆಯವರೆಗೂ ಹಳೆಯ ಪುಸ್ತಕದ ಪುಟ ತಿರುಗಿಸುತ್ತಾ, ಪ್ರತಿ ಸಾಲಿನ ಏಳನೆಯ ಅಂಕಿಯ ಮೇಲೆ ಬೆರಳಿಟ್ಟು ಕುಳಿತಿದ್ದರು.

ಹೊರಡುವಾಗ ಕೇಳಿದರು: "ಅವರು ಈಗ ಎಲ್ಲಿದ್ದಾರೋ. ಕರೆಸಬೇಕಿತ್ತು. ಫೋನ್ ನಂಬರ್ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಇದೆ ಸಾರ್" ಎಂದೆ. "ನಮ್ಮತ್ತೆ ಅವರು."

ತಕ್ಕಡಿಯಕ್ಕ ಪೆನ್ನು ಕೆಳಗಿಟ್ಟು, "ಅಯ್ಯೋ ನಿನ್ನ! ಅವತ್ತು ನಮ್ಮೆಲ್ಲರಿಗಿಂತ ಜೋರಾಗಿ ನಕ್ಕೆಯಲ್ಲೇ!" ಎಂದರು.

ಮನೆಗೆ ಬಂದು ಇವರಿಗೆ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಇವರು ಬಿಳಿ ಪುಡಿಯ ಕೈಯಿಂದಲೇ ನನ್ನ ಕಣ್ಣೊರೆಸಿದರು. "ಅಮ್ಮ ಹೇಳ್ಬೇಡ ಅಂದಿದ್ರು. 'ನನ್ನ ಮಾತು ಕೇಳಿ ಲೆಕ್ಕ ಹಾಕೋದು ಬೇಡ, ಲೆಕ್ಕ ನೋಡಿ ನನ್ನ ಮಾತು ನಂಬಲಿ' ಅಂತ. ನಾಲ್ಕು ದಿನ ನಿನ್ನ ಮುಖ ನೋಡಿ ನನಗೇ ತಡೆಯೋಕಾಗ್ಲಿಲ್ಲ, ತೂಗು ಅಂದ್ಬಿಟ್ಟೆ."

ಮಾರ್ಚ್ 22, ಶನಿವಾರ

ಸಾರ್ ನಿನ್ನೆಯೇ ಅತ್ತೆಗೆ ಫೋನ್ ಮಾಡಿದ್ದಾರೆ. ಏನು ಮಾತಾಡಿದರೋ, ಇಬ್ಬರೂ ಹೇಳುತ್ತಿಲ್ಲ. ಇವತ್ತು ನಾನು ಮಾಡಿದೆ.

"ಅತ್ತೆ, ನಾನು..." ಎಂದೆ.

"ಕೊಳವೆ ಬಿಚ್ಚಿದ್ರಾ?"

"ಬಿಚ್ಚಿದ್ರು ಅತ್ತೆ. ಒಳಗೆ ಪುಡಿ ಅಳೆದು ಬಿಡುವ ಬಿಲ್ಲೆ ಸವೆದಿತ್ತಂತೆ."

"ಹೂಂ. ಕೈ ನಡುಗುತ್ತೆ ಅಂದ್ರು ನನಗೆ. ಕೈ ನಡುಗೋದಾದ್ರೆ ಏಳನೇದಕ್ಕೇ ಯಾಕೆ ನಡುಗುತ್ತೆ, ನೀನೇ ಹೇಳು."

"ನಾನೂ ನಿಮ್ಮ ಮೇಲೆ ಅನುಮಾನ ಪಟ್ಟೆ ಅತ್ತೆ. ಟ್ರಂಕು ತೆಗೆದೆ. ಪೊಟ್ಟಣ ನೋಡಿ ಏನೇನೋ ಅಂದುಕೊಂಡೆ."

"ಬೀಗದ ಕೈ ಅಕ್ಕಿ ಡಬ್ಬದ ಕೆಳಗೆ ಯಾಕೆ ಇಟ್ಟೆ ಅಂದ್ಕೊಂಡೆ? ದಿನಾ ಅಕ್ಕಿ ತೆಗೆಯೋಳಿಗೆ ಸಿಗಲಿ ಅಂತ. ನೀನು ಡಬ್ಬ ಎತ್ತದೇನೇ ಅಡುಗೆ ಮಾಡ್ತೀಯ ಅಂತ ನನಗೇನು ಗೊತ್ತು?" ನಕ್ಕರು. ಆ ನಗು ಫೋನಿನಲ್ಲಿ ಮೊದಲ ಸಲ ಕೇಳಿದೆ.

ತಕ್ಕಡಿಯಕ್ಕನಿಗೆ ತನ್ನ ಕೆಲಸ ಹೋಗುತ್ತದೆಂಬ ಭಯ ಎಂದೆ. "ಅವಳ್ಯಾಕೆ ಹೋಗ್ಬೇಕು? ನಾನು ಹತ್ತಿ ತರ್ತೀನಿ, ಅವಳು ಕೂತು ಬರೀಲಿ. ಯಾವ ಕೊಳವೇದು ಅಂತ ಬರೆಯೋಕೆ ಒಂದು ಕಾಲಂ ಹಾಕಿಸು, ನಿಮ್ಮ ಸಾರ್‌ಗೆ ಹೇಳಿ." ಎಂಟು ಕಾಲಂ ಹಾಕಿದ ಹಾಳೆಯನ್ನು ನಿನ್ನೆಯೇ ಗೆರೆ ಎಳೆದು ಸಿದ್ಧ ಮಾಡಿದ್ದೇನೆ. ಅದನ್ನು ಹೇಳಲಿಲ್ಲ, ಬಂದಾಗ ನೋಡಲಿ.

ಡಬ್ಬಗಳ ಚೀಟಿ ಯಾಕೆ ಎಂದೂ ಕೇಳಿದೆ. "ಯಾವ್ದು ಯಾವಾಗ ಮುಗಿಯುತ್ತೆ ಅಂತ ನಿನಗೆ ಗೊತ್ತಾಗ್ಬೇಡ್ವಾ? ಹೊಸ ಮನೆ ನಿನಗೆ" ಎಂದರು.

ಸಂಜೆ ಸಕ್ಕರೆ ಡಬ್ಬ ತೂಗಿದೆ. 410 ಗ್ರಾಂ. ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿದೆ, ತಾರೀಖು ಹಾಕಿದೆ. ಕಾಫಿಪುಡಿ ನಾಳೆ ತರಬೇಕು, ಅತ್ತೆಗೆ ಬೆಳಿಗ್ಗೆ ಎರಡು ಲೋಟ ಬೇಕಂತೆ. ಇವರು ಅಂಗಡಿಗೆ ಅರ್ಧ ದಿನ ರಜೆ ಹೇಳಿದ್ದಾರೆ. ನಾನು ಸಾರ್‌ಗೆ ಒಂದು ಗಂಟೆ ತಡವಾಗುತ್ತದೆ ಎಂದಿದ್ದೇನೆ.

ಸೋಮವಾರ, ಬೆಳಗಿನ ಏಳು ಇಪ್ಪತ್ತರ ಪ್ಯಾಸೆಂಜರ್.